ಬೀಗದವನ ಮನೆಗೆ ಚಿಲಕವಿಲ್ಲ

ನಮ್ಮನೆಯವರು ಬೀಗ ರಿಪೇರಿ ಮಾಡುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಅವರ ಜಾಗ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು, ಅಷ್ಟು ಜಾಗ. ಊರಿನ ಅರ್ಧ ಬಾಗಿಲುಗಳಿಗೆ ಬೀಗ ಕೂರಿಸಿದ ಮನುಷ್ಯನ ಸ್ವಂತ ಮನೆಯೊಳಗೆ ಒಂದು ಚಿಲಕವೂ ಇರಲಿಲ್ಲ. ಅವರೇ ಕಿತ್ತು ಹಾಕಿದ್ದರು. ಅವರು ಸತ್ತ ಮೇಲೆ ಅದೇ ಚಿಲಕದ ದೆಸೆಯಿಂದ ನಮ್ಮ ಸಾಕುಮಗಳನ್ನು ಈ ಮನೆಯಿಂದ ಕರೆದುಕೊಂಡು ಹೋಗಲು ಸರ್ಕಾರದ ಮಕ್ಕಳ ಆಫೀಸಿನವರು ಬಂದರು.

ಮಕ್ಕಳನ್ನು ಸಾಕಲು ತಂದುಕೊಂಡವರು ಸೇರುವ ಸಭೆಯೊಂದಿದೆ. ಅಲ್ಲಿಯವರು, ನಿಮ್ಮ ಯಜಮಾನರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ, ನಮ್ಮ ಪತ್ರಿಕೆಗೆ ಹಾಕುತ್ತೇವೆ ಎಂದರು. ಒಳ್ಳೆಯದೋ ಕೆಟ್ಟದ್ದೋ, ನಡೆದದ್ದನ್ನು ಬರೆಯುತ್ತೇನೆ.

ಅವರು ದೇವರಂಥ ಮನುಷ್ಯರೇನಲ್ಲ. ಮಹಾ ಹಟಮಾರಿ. ಟೀ ಕುಡಿದ ಲೋಟದಲ್ಲಿ ಸ್ಕ್ರೂ ಹಾಕಿಡುತ್ತಿದ್ದರು. ಅರ ಹಿಡಿದು ಕೀಲಿ ತಿಕ್ಕುತ್ತ ಕೂತರೆ ಕರೆದರೂ ತಲೆ ಎತ್ತುತ್ತಿರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ನಾನು ಅದಕ್ಕೆ ಒಗ್ಗಿಹೋಗಿದ್ದೆ. ನನ್ನ ಮಟ್ಟಿಗೆ ಆ ವಿಷಯ ಮುಗಿದಿತ್ತು.

ಒಂದು ದಿನ ಪೊಲೀಸರು ಅಂಗಡಿಗೆ ಬಂದು ಅವರನ್ನು ಕರೆದುಕೊಂಡು ಹೋದರು. ಬೀಗದವರನ್ನು ಪೊಲೀಸರು ಕರೆಯುವುದು ಹೊಸದಲ್ಲ. ಯಾರೋ ಖಾಲಿ ಮಾಡಿ ಓಡಿಹೋದ ಕೋಣೆ, ಮುದುಕರು ಒಳಗೆ ಬಿದ್ದ ಮನೆ, ಎಲ್ಲದಕ್ಕೂ ಕರೆಯುತ್ತಾರೆ. ಅವತ್ತು ಕರೆದದ್ದು ಒಂದು ಮನೆಯ ಹಿತ್ತಲಲ್ಲಿದ್ದ ಸಾಮಾನು ಕೋಣೆಗೆ. ಹೊರಗಿನಿಂದ ಬೀಗ. ಒಳಗೆ ಒಂದು ಹುಡುಗಿ. ತಾಯಿ ಸತ್ತಿದ್ದಳು. ಮಲತಂದೆ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಊರು ಬಿಟ್ಟಿದ್ದ. ಪಕ್ಕದ ಮನೆಯವರಿಗೆ ಅನುಮಾನ ಬಂದು ಪೊಲೀಸರಿಗೆ ಹೇಳಿದ್ದರು.

ಮನೆಗೆ ಬಂದವರು ಕೈ ತೊಳೆದರು, ಮತ್ತೆ ತೊಳೆದರು. ಊಟಕ್ಕೆ ಕೂರಲಿಲ್ಲ.

“ಅಗ್ಗದ ಬೀಗ ಕಣೇ. ಅಂಥದ್ದನ್ನ ಕಣ್ಣು ಮುಚ್ಕೊಂಡು ತೆಗೀತೀನಿ ನಾನು. ಇವತ್ತು ಕೈ ಓಡಲೇ ಇಲ್ಲ.”

“ಯಾಕೆ, ಪೊಲೀಸರು ಅವಸರ ಮಾಡಿದ್ರಾ?”

“ಒಳಗಿಂದ ಸದ್ದೇ ಇರಲಿಲ್ಲ.”

ಟವೆಲ್ಲಿಗೆ ಕೈ ಒರೆಸಿಕೊಂಡು, “ಅದು ನಮ್ಮ ಅಂಗಡಿ ಬೀಗ ಇರ್ಬೇಕು” ಎಂದರು.

“ಆ ಕಂಪನಿ ಬೀಗ ಎಲ್ಲಾ ಅಂಗಡೀಲೂ ಮಾರ್ತಾರೆ. ಸುಮ್ನೆ ಊಟ ಮಾಡಿ.”

“ಇರಬಹುದು” ಎಂದರು. ಆದರೆ ಅವರು ಅದನ್ನು ಕೊನೆಯವರೆಗೂ ನಂಬಲಿಲ್ಲ.

ಹುಡುಗಿಯನ್ನು ಮಕ್ಕಳ ನಿಲಯಕ್ಕೆ ಸೇರಿಸಿದರು. ಇವರು ವಾರ ವಾರವೂ ಅಲ್ಲಿಗೆ ಹೋಗುತ್ತಿದ್ದರಂತೆ. ನನಗೆ ಗೊತ್ತಾದದ್ದು ಮಕ್ಕಳ ಆಫೀಸಿನ ಮೇಡಂ ಮನೆ ನೋಡಲು ಬಂದಾಗ. ನಾನು ಪಾತ್ರೆ ತಿಕ್ಕುತ್ತಿದ್ದೆ. ಬಾಗಿಲಲ್ಲಿ ನಿಂತು, “ಮಗು ಮಲಗೋ ಜಾಗ ಯಾವುದು ತೋರಿಸಿ” ಎಂದರು. ಯಾವ ಮಗು ಎಂದೆ.

ಅವರು ಹೋದ ಮೇಲೆ ಜಗಳ ಆಯಿತು.

“ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ ನಿಮಗೆ?”

“ಕೇಳಿದ್ರೆ ಬೇಡ ಅಂತಿದ್ದೆ.”

“ಅಂತಿದ್ದೆ, ಹೌದು.”

“ಅದಕ್ಕೇ ಕೇಳಲಿಲ್ಲ.”

ಮಗು ತರುವ ಕಾಗದಕ್ಕೆ ಸಹಿ ಹಾಕಿದೆ. ಹಾಕದಿದ್ದರೆ ಆ ಮನುಷ್ಯ ನನ್ನನ್ನು ನೆಮ್ಮದಿಯಾಗಿ ಉಸಿರಾಡಲು ಬಿಡುತ್ತಿರಲಿಲ್ಲ.

ಹುಡುಗಿ ಬಂದಳು. ಎಂಟೋ ಒಂಬತ್ತೋ ವಯಸ್ಸು. ಇವರು ಚೂಟಿ ಎಂದು ಕರೆದರು. ಪಾಪದ ಕೂಸು ಎಂದು ನೋಡಲು ಬಂದ ಅಕ್ಕಪಕ್ಕದವರು ಬೇಗ ವಾಪಸ್ಸು ಹೋದರು. ಕಚ್ಚುತ್ತಿದ್ದಳು. ದಿಂಬಿನ ಚೀಲದೊಳಗೆ ಬ್ರೆಡ್ಡು ತುರುಕಿ, ಅದಕ್ಕೆ ಇರುವೆ ಹತ್ತಿ, ಇರುವೆ ಕಚ್ಚಿಸಿಕೊಂಡು ಮಲಗುತ್ತಿದ್ದಳು. ಹಾಸಿಗೆ ಒದ್ದೆ ಮಾಡಿ, ಅದನ್ನು ನನ್ನ ತಲೆಗೆ ಕಟ್ಟುತ್ತಿದ್ದಳು. ಅವರನ್ನು ಬೀಗದಪ್ಪ ಎಂದು ಕರೆದಳು. ನನ್ನನ್ನು ಏಯ್ ಎಂದಳು.

ಬಂದ ದಿನವೇ ನಾನು ಸ್ನಾನಕ್ಕೆ ಹೋಗಿ ಬಚ್ಚಲ ಚಿಲಕ ಹಾಕಿದೆ. ಆ ಚಿಲಕ ಜಾರುವ ಸದ್ದಿಗೆ ಹೊರಗೆ ಅವಳು ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರು ಮಾಡಿದಳು. ಇವರು ಹಿಡಿದುಕೊಂಡರು. ಅವರ ತೋಳಿಗೆ ಹಲ್ಲಿನ ಗುರುತು ಬಿತ್ತು. ಅದೇ ಸಂಜೆ ಸ್ಕ್ರೂಡ್ರೈವರ್ ತಂದು ಮನೆಯೊಳಗಿನ ಚಿಲಕವನ್ನೆಲ್ಲ ಬಿಚ್ಚಿದರು. ಮಲಗುವ ಕೋಣೆ, ಅಡುಗೆಮನೆ, ಬಚ್ಚಲು, ಕೊನೆಗೆ ಬಟ್ಟೆಯ ಬೀರು ಕೂಡ. ಸ್ಕ್ರೂ ಇದ್ದ ತೂತಿಗೆಲ್ಲ ಮೇಣ ತುಂಬಿದರು. ಬೀದಿ ಬಾಗಿಲಿಗೆ ಮಾತ್ರ ಬೀಗ ಉಳಿಯಿತು. ಅದರ ಕೀಲಿಯನ್ನು ಹುಡುಗಿಯ ಕೈಗೆ ಎಟುಕುವ ಮೊಳೆಗೆ ನೇತುಹಾಕಿದರು.

“ಬಚ್ಚಲಿಗೂ ಬೇಡ್ವಾ?” ಎಂದೆ.

“ಬೇಡ.”

“ನಾನು ಒಳಗಿದ್ದಾಗ ಯಾರಾದರೂ ನುಗ್ಗಿದ್ರೆ?”

“ಒಳಗಿರೋರು ಸದ್ದು ಮಾಡ್ತಾ ಇರೋದು. ಹಾಡು ಹೇಳು.”

“ನನಗೆ ಹಾಡು ಬರಲ್ಲ.”

“ಬೈಯೋಕೆ ಬರುತ್ತಲ್ಲ. ಬೈಯಿ.”

ಹಾಗೆ ಆ ಪದ್ಧತಿ ಬಂತು. ಅವರು ಬಚ್ಚಲಿಗೆ ಹೋದರೆ ಹಾಡುತ್ತಿದ್ದರು. ಗೊತ್ತಿದ್ದದ್ದು ಒಂದೇ ಹಾಡು, ಅದರಲ್ಲೂ ಅರ್ಧ ಮಾತು ಮರೆತಿತ್ತು. ಮರೆತ ಕಡೆ ಲಲಲ ಎನ್ನುತ್ತಿದ್ದರು. ನಾನು ಬೈಯುತ್ತಿದ್ದೆ. ನಲ್ಲಿಯಲ್ಲಿ ನೀರು ಬಿಡದವರನ್ನು ಬೈದೆ. ಮೂಗು ತೂರಿಸುವ ನಾದಿನಿಯನ್ನು ಬೈದೆ. ಬಾಡಿಗೆ ಮನೆಯ ಓನರನ್ನು, ಅವನ ನಾಯಿಯನ್ನು, ನನ್ನನ್ನು ಈ ಮನೆಗೆ ಕೊಟ್ಟ ನನ್ನಪ್ಪನನ್ನು ಬೈದೆ. ಹುಡುಗಿ ಹೊರಗೆ ಮಂಡಿ ಮೇಲೆ ಗದ್ದವಿಟ್ಟುಕೊಂಡು ಕೇಳುತ್ತಿದ್ದಳು. ಅವಳು ಒಳಗೆ ಹೋದಾಗ ಮಾತಾಡುತ್ತಿರಲಿಲ್ಲ, ಮಗ್ಗಿನಿಂದ ಬಕೆಟ್ ಬಡಿಯುತ್ತಿದ್ದಳು. ಟಕ್ ಟಕ್ ಕೇಳುತ್ತಿದ್ದರೆ ಅವಳಿದ್ದಾಳೆ ಎಂದು ಅರ್ಥ.

ಆಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಡಾಕ್ಟರಮ್ಮ ಇದ್ದರು. ಅವರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ಒಳ್ಳೆಯ ಹೆಂಗಸು, ಮಾತು ಕಡಿಮೆ. ಯಾಕೆ ಹೀಗೆ ಮಾಡಿದೆ ಎಂದು ಅವಳನ್ನು ಕೇಳಬೇಡಿ, ಅದು ಅವಳಿಗೇ ಗೊತ್ತಿರುವುದಿಲ್ಲ. ಮುಂದೆ ಏನಾಗುತ್ತದೆ ಎಂದು ಮೊದಲೇ ಹೇಳುತ್ತಿರಿ, ಅವಳಿಗೆ ಧೈರ್ಯ ಬರುತ್ತದೆ ಎಂದರು. ಹೇಳಿದ್ದು ಸರಿಯೇ. ಆದರೆ ನಮ್ಮನೆಯವರು, ಒಂದು ಹೇಳಿದರೆ ಅದರ ಬುಡ ಮುಟ್ಟುವವರೆಗೂ ಬಿಡುವವರಲ್ಲ.

“ಚೂಟಿ, ಈಗ ಲೈಟ್ ಆರಿಸ್ತೀನಿ.”

“ಚೂಟಿ, ನಾನೀಗ ಸೀನ್ತೀನಿ ನೋಡು.”

“ಚೂಟಿ, ಅವಳು ಈಗ ನನ್ನ ಮೇಲೆ ರೇಗ್ತಾಳೆ. ಹೆದರ್ಬೇಡ. ಟೀ ಆರೋದ್ರೊಳಗೆ ಮುಗಿಯುತ್ತೆ.”

ನಾನು ಬಾಯಿ ತೆಗೆಯುವ ಮೊದಲೇ ನನ್ನ ರೇಗಾಟ ಅನೌನ್ಸ್ ಆಗಿರುತ್ತಿತ್ತು. ಮೈ ಉರಿಯುತ್ತಿತ್ತು.

ಸ್ಕೂಲಿನಲ್ಲಿ ಕಕ್ಕಸಿಗೆ ಚಿಲಕ ಹಾಕಿಕೊಳ್ಳಲು ಆಗದೆ ಬಟ್ಟೆಯಲ್ಲೇ ಮಾಡಿಕೊಂಡಳು. ಟೀಚರ್ ನಮ್ಮಿಬ್ಬರನ್ನೂ ಕರೆಸಿದರು. ಮೂಗಿನ ಮೇಲೆ ಕರ್ಚೀಫು.

“ಇಷ್ಟು ದೊಡ್ಡ ಹುಡುಗಿ. ಮನೇಲಿ ಏನೂ ಹೇಳಿಕೊಡಲ್ವಾ?”

“ಚಿಲಕ ಹಾಕೋಕೆ ಭಯ ಅವಳಿಗೆ. ಒಬ್ಬ ಗೆಳತೀನ ಬಾಗಿಲ ಹತ್ರ ನಿಲ್ಲಿಸಿದ್ರೆ ಸಾಕು. ಡಾಕ್ಟರಮ್ಮನೂ ಅದನ್ನೇ ಹೇಳಿದ್ದಾರೆ” ಎಂದರು ಇವರು.

“ಕ್ಲಾಸಲ್ಲಿ ಅರವತ್ತು ಮಕ್ಕಳಿದ್ದಾರೆ ಸ್ವಾಮಿ. ಒಬ್ಬೊಬ್ಬರಿಗೂ ಕಾವಲು ಹಾಕೋಕಾಗುತ್ತಾ? ಇಂಥ ಮಕ್ಕಳಿಗೆ ಬೇರೆ ಸ್ಕೂಲಿದೆ.”

ನಾನು ಅದುವರೆಗೆ ಸುಮ್ಮನಿದ್ದೆ. ಹುಡುಗಿಯ ಮೇಲೆ ಪ್ರೀತಿ ಉಕ್ಕಿತು ಎಂದಲ್ಲ. ಆ ಕರ್ಚೀಫು ನೋಡಿ ತಡೆಯಲಾಗಲಿಲ್ಲ.

“ನಿಮ್ಮ ಕಕ್ಕಸು ನೋಡ್ಕೊಂಡು ಬಂದೆ ಟೀಚರ್. ಅದರಲ್ಲಿ ನೀರಿಲ್ಲ. ಮೊದಲು ಅದಕ್ಕೆ ಮೂಗು ಮುಚ್ಕೊಳ್ಳಿ.”

ಮಾರನೆಯ ದಿನದಿಂದ ಒಬ್ಬ ಗೆಳತಿ ಬಾಗಿಲಲ್ಲಿ ನಿಂತಳು. ಹುಡುಗಿ ಮನೆಗೆ ಬಂದು ಬ್ಯಾಗು ಎಸೆದು, “ಏಯ್, ನೀನು ಬೈದದ್ದು ಸ್ಕೂಲಿಗೆಲ್ಲ ಗೊತ್ತಾಯ್ತು. ನನಗೆ ಮಾನ ಹೋಯ್ತು” ಎಂದಳು. ಅದೇ ನನಗೆ ಸಿಕ್ಕ ಥ್ಯಾಂಕ್ಸು.

ರಜದ ದಿನ ಅವರ ಜೊತೆ ಅಂಗಡಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಅವರು ಕೂತಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ಎದ್ದು ಬಂದು ಅವರ ಮೂಗಿನ ಕೆಳಗೆ ಕೈ ಹಿಡಿಯುತ್ತಿದ್ದಳು. ಉಸಿರು ಕೈಗೆ ತಾಗುತ್ತದೋ ಇಲ್ಲವೋ ಎಂದು ನೋಡಲು. ಅವರು ಒಂದೇ ಕಣ್ಣು ತೆಗೆದು, “ಇನ್ನೂ ಇದ್ದೀನಿ, ಹೋಗು” ಎನ್ನುತ್ತಿದ್ದರು. ನಾನು ಊಟದ ಡಬ್ಬಿ ಕೊಡಲು ಹೋದಾಗ ಎಷ್ಟೋ ಸಲ ನೋಡಿದ್ದೇನೆ. ಶಕುನ ಸರಿಯಿಲ್ಲ, ಬಿಡಿಸಿ ಎಂದೆ. ಬಿಡಿಸಲಿಲ್ಲ.

ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋದರು. “ಚೂಟಿ, ನಾನು ಬಚ್ಚಲಿಗೆ ಹೋಗ್ತೀನಿ, ಬಂದು ನಿನ್ನ ಸ್ಕೂಲಿಗೆ ಬಿಡ್ತೀನಿ” ಎಂದು ಹೇಳಿಯೇ ಹೋದರು. ಹಾಡು ಶುರುವಾಯಿತು. ಹುಡುಗಿ ಶೂ ಲೇಸು ಕಟ್ಟುತ್ತಿದ್ದಳು. ನಾನು ಅವಳ ಡಬ್ಬಿ ತುಂಬುತ್ತಿದ್ದೆ. ಎರಡನೆಯ ಸಾಲಿನ ನಡುವೆ, ಲಲಲ ಬರುವ ಮೊದಲೇ, ಹಾಡು ನಿಂತಿತು.

ನಾನು ಸೋಪು ಜಾರಿರಬೇಕು ಎಂದುಕೊಂಡೆ. ಹುಡುಗಿ ಒಂದೇ ಶೂನಲ್ಲಿ ಓಡಿದಳು. ನಾನು ಹೋದಾಗ ಅವರು ಗೋಡೆಗೆ ಒರಗಿ ಕೂತಿದ್ದರು. ಅವಳು ಅವರ ಮೂಗಿನ ಕೆಳಗೆ ಕೈ ಹಿಡಿದುಕೊಂಡು ನಿಂತಿದ್ದಳು. ತೆಗೆಯಲೇ ಇಲ್ಲ. ಆ ಕೈಯನ್ನು ನಾನು ಎಳೆದು ತೆಗೆಯಬೇಕಾಯಿತು. ಹೃದಯ ನಿಂತಿದೆ ಎಂದು ಆಮೇಲೆ ಡಾಕ್ಟರು ಹೇಳಿದರು.

ಸೀನುವುದನ್ನೂ ಹೇಳಿ ಮಾಡುತ್ತಿದ್ದ ಮನುಷ್ಯ ಇದೊಂದನ್ನು ಹೇಳದೆ ಮಾಡಿದರು. ನನಗೆ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಹುಡುಗಿ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, “ನೀನು ಸಾಯಬೇಕಿತ್ತು” ಎಂದಳು.

“ಹೌದು” ಎಂದೆ. “ಅವರಿಗೆ ಹೇಳು. ನನ್ನನ್ನ ಯಾರೂ ಕೇಳಲಿಲ್ಲ.”

ಅಂದಿನಿಂದ ಅವಳು ಸ್ನಾನಕ್ಕೆ ಬಚ್ಚಲಿಗೆ ಕಾಲಿಡಲಿಲ್ಲ. ಹಿತ್ತಲ ನಲ್ಲಿಯ ಕೆಳಗೆ ಬಟ್ಟೆ ಸಮೇತ ಕೂತು ನೀರು ಹುಯ್ದುಕೊಳ್ಳುತ್ತಿದ್ದಳು. ನಾನು ಬಚ್ಚಲಿಗೆ ಹೋಗುತ್ತಿದ್ದೆ, ಬೈಯಲು ಬಾಯಿ ಬರುತ್ತಿರಲಿಲ್ಲ. ನೀರು ಹುಯ್ದುಕೊಂಡು ಅವರು ಒರಗಿದ್ದ ಗೋಡೆ ನೋಡುತ್ತ ನಿಲ್ಲುತ್ತಿದ್ದೆ. ಅವಳು ದಡಾರನೆ ಬಾಗಿಲು ತಳ್ಳಿ ನನ್ನ ಮುಖ ನೋಡಿ ಹೋಗುತ್ತಿದ್ದಳು. ಮಾನ ಮರ್ಯಾದೆ ಇಲ್ವೇನೇ ನಿನಗೆ ಎಂದು ಕಿರುಚಿದರೆ ತಿರುಗಿ ನೋಡುತ್ತಿರಲಿಲ್ಲ.

ನಾದಿನಿ ಬಂದು ಉಳಿದುಕೊಂಡಿದ್ದಳು. ಇವರ ತಂಗಿ. ಅಣ್ಣ ಎಂದರೆ ಪ್ರಾಣ ಅವಳಿಗೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದುಃಖವನ್ನೆಲ್ಲ ಹುಡುಗಿಯ ಮೇಲೆ ಸುರಿದಳು.

“ಅತ್ತಿಗೆ, ಅಣ್ಣನ ಆಯಸ್ಸು ತಿಂದೋಳು ಅವಳೇ. ದಿನಾ ಮೂಗಿನ ಹತ್ರ ಕೈ ಹಿಡೀತಿದ್ಲಂತಲ್ಲ. ಯಾರಾದರೂ ಮಾಡೋ ಕೆಲಸಾನಾ ಅದು?”

“ಅವರ ಆಯಸ್ಸು ತಿಂದದ್ದು ಬೀಡಿ. ಸುಮ್ನಿರು.”

“ಇನ್ನು ನೀನೊಬ್ಬಳೇ. ಇವಳನ್ನ ಇಟ್ಕೊಂಡು ಏನ್ ಮಾಡ್ತೀಯ? ಬೇಡ ಅಂತ ಮೊದಲೇ ಹೇಳಿದ್ದೋಳು ನೀನು.”

ಅದು ನಿಜ.

ಹುಡುಗಿ ಬಚ್ಚಲಿಗೆ ನುಗ್ಗುವುದನ್ನು ನೋಡಿ ನಾದಿನಿ ತನ್ನ ಗಂಡನನ್ನು ಕರೆಸಿದಳು. ಅವನು ಬಸ್ ಕಂಡಕ್ಟರ್. ಟಿಕೆಟ್ ಹರಿಯುವುದು ಬಿಟ್ಟರೆ ಬೇರೆಲ್ಲ ಹೆಂಡತಿ ಹೇಳಿದ ಹಾಗೆ. ಅಂಗಡಿಗೆ ಹೋಗಿ ನಮ್ಮನೆಯವರದೇ ಕಪಾಟಿನಿಂದ ಹೊಸ ಚಿಲಕದ ಬೋಲ್ಟು ತಂದ. ಬಚ್ಚಲ ಬಾಗಿಲಿನ ಮೇಣ ಕೆರೆದು, ಅವರು ಮುಚ್ಚಿದ್ದ ಅದೇ ತೂತಿಗೆ ಸ್ಕ್ರೂ ತಿರುಗಿಸಿದ. ನಾನು ಮಲಗಿದ್ದೆ. ಎದ್ದು ನೋಡುವಷ್ಟು ಶಕ್ತಿಯೂ ಇರಲಿಲ್ಲ. ಹುಡುಗಿ ಸ್ಕೂಲಿನಲ್ಲಿದ್ದಳು.

ಮಾರನೆಯ ದಿನ ಬೆಳಿಗ್ಗೆ ನಾದಿನಿ ಸ್ನಾನಕ್ಕೆ ಹೋಗಿ ಆ ಬೋಲ್ಟು ಹಾಕಿಕೊಂಡಳು. ನಾನು ಅಡುಗೆಮನೆಯಲ್ಲಿದ್ದೆ. ಬೋಲ್ಟಿನ ಸದ್ದಿಗೆ ಹುಡುಗಿ ಓಡಿ ಬಂದು ಬಾಗಿಲ ಮುಂದೆ ನಿಂತಳು.

“ಮಾತಾಡಿ” ಎಂದಳು.

ಒಳಗಿನಿಂದ ಉತ್ತರ ಇಲ್ಲ. ನೀರಿನ ಸದ್ದೂ ಇಲ್ಲ.

“ಮಾತಾಡಿ. ಏನಾದರೂ ಮಾತಾಡಿ.”

ಇಲ್ಲ. ಇವಳ ತಿಕ್ಕಲಿಗೆ ತಕ್ಕ ಹಾಗೆ ನಾನ್ಯಾಕೆ ಕುಣೀಬೇಕು ಎಂದು ನಾದಿನಿ ಬೇಕೆಂದೇ ಸುಮ್ಮನಿದ್ದಳು, ಆಮೇಲೆ ಅವಳೇ ಬಾಯಿ ಬಿಟ್ಟಳು. ಹುಡುಗಿ ಬಾಗಿಲು ತಳ್ಳಿದಳು. ಅದು ತೆರೆಯಲಿಲ್ಲ. ಅವಳು ಮೂಲೆಗೆ ಹೋಗಿ ಅವರ ಸಾಮಾನಿನ ಚೀಲದಿಂದ ಸುತ್ತಿಗೆ ತಂದಳು. ನಾನು ಒಲೆ ಆರಿಸಿ ಬರುವಷ್ಟರಲ್ಲಿ ಬಾಗಿಲ ಹಲಗೆ ಸೀಳಿ, ಬೋಲ್ಟು ಸ್ಕ್ರೂ ಸಮೇತ ಕಿತ್ತು ಬಂದಿತ್ತು.

ನಾದಿನಿ ಟವೆಲ್ಲು ಅವುಚಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಹುಡುಗಿ ಸುತ್ತಿಗೆ ಕೆಳಗೆ ಹಾಕಿ, ತುದಿಗಾಲಲ್ಲಿ ನಿಂತು, ಅವಳ ಮೂಗಿನ ಕೆಳಗೆ ಕೈ ಹಿಡಿದಳು.

ನಾದಿನಿ ಕಪಾಳಕ್ಕೆ ಬಿಟ್ಟಳು. ಹುಡುಗಿ ಕೂತು ವಾಂತಿ ಮಾಡಿಕೊಂಡಳು.

“ಕೊಲ್ಲೋಕೆ ಬಂದ್ಲು. ಅತ್ತಿಗೆ, ನೋಡಿದ್ಯಲ್ಲ, ಸುತ್ತಿಗೆ ತಗೊಂಡು ನನ್ನ ಕೊಲ್ಲೋಕೆ ಬಂದ್ಲು.”

ನಾನು ನೋಡಿದ್ದೆ. ನೋಡಿದ್ದು ಬೇರೆ. ಅವಳ ಕೆನ್ನೆ ನೋಡಿದೆ, ಐದು ಬೆರಳೂ ಎದ್ದು ಕಾಣುತ್ತಿದ್ದವು. ನಾದಿನಿಗೆ ಬಟ್ಟೆ ಹಾಕ್ಕೋ ಎಂದೆ. ಹುಡುಗಿಗೆ ಬಾಯಿ ತೊಳೆಯಲು ನೀರು ಕೊಟ್ಟೆ. ಆಮೇಲೆ ಅವರ ಸ್ಕ್ರೂಡ್ರೈವರ್ ಹುಡುಕಿ, ಚೌಕಟ್ಟಿನಲ್ಲಿ ಉಳಿದಿದ್ದ ಕೊಂಡಿಯನ್ನು ಬಿಚ್ಚಿದೆ. ಹೇಗೆ ತಿರುಗಿಸಬೇಕೆಂದು ಗೊತ್ತಿಲ್ಲದೆ ಅಂಗೈ ಬೊಬ್ಬೆ ಬಂತು. ತೂತಿಗೆ ಮೇಣ ತುಂಬಿದೆ. ಸೀಳಿದ ಹಲಗೆಗೆ ಒಂದು ಪಟ್ಟಿ ಹೊಡೆದೆ. ಬೋಲ್ಟನ್ನೂ ಕೊಂಡಿಯನ್ನೂ ನಾದಿನಿಯ ಬ್ಯಾಗಿನೊಳಗೆ ಹಾಕಿದೆ.

“ಏನಿದು?” ಎಂದಳು.

“ನಿನ್ನ ಮನೆಗೆ ಬೇಕಾಗುತ್ತೆ. ಇಟ್ಕೋ.”

ಅವಳು ಆಗಲೇ ಮಕ್ಕಳ ಆಫೀಸಿಗೆ ಫೋನ್ ಮಾಡಿ ಆಗಿತ್ತು.

ಮೇಡಂ ಬಂದರು. ಹಿಂದೆ ಮನೆ ನೋಡಲು ಬಂದವರೇ. ನಡುಮನೆಯಲ್ಲಿ ಅವರಿಗೆ ಕುರ್ಚಿ, ನಾದಿನಿಗೆ ಮಂಚದ ತುದಿ, ಕಂಡಕ್ಟರ್ ಬಾಗಿಲಲ್ಲಿ. ಹುಡುಗಿ ಗೋಡೆಯ ಮಗ್ಗುಲಲ್ಲಿ ಉಗುರು ಕಚ್ಚುತ್ತಿದ್ದಳು. ಎರಡು ದಿನದಿಂದ ಹಿತ್ತಲ ನಲ್ಲಿಗೂ ಹೋಗದೆ ತಲೆ ಜಿಡ್ಡುಗಟ್ಟಿತ್ತು. ಮೇಡಂ ಅದನ್ನೂ ನೋಡಿದರು.

“ಅಮ್ಮ, ಗಂಡ ಹೆಂಡತಿ ಇಬ್ಬರೂ ಇದ್ದಾಗ ನಿಮಗೆ ಕೊಟ್ಟ ಮಗು ಇದು. ಈಗ ನೀವೊಬ್ಬರೇ. ಹೇಗೂ ಒಂದ್ಸಲ ಬಂದು ನೋಡಬೇಕಿತ್ತು. ಅಷ್ಟರಲ್ಲಿ ಸುತ್ತಿಗೆ ವಿಷಯ ಬಂತು. ಇವತ್ತೇ ನಿಲಯಕ್ಕೆ ಕರ್ಕೊಂಡು ಹೋಗ್ಬೇಕಾಗಬಹುದು.”

“ಕರ್ಕೊಂಡೇ ಹೋಗಿ” ಎಂದಳು ನಾದಿನಿ. “ಬಾಗಿಲು ಒಡೆದು ಬಂದು ನನ್ನ ಮೂಗು ಮುರಿಯೋಕೆ ನೋಡಿದ್ಲು.”

“ಮೂಗಿಗೆ ಏಟು ಬಿದ್ದಿದೆಯಾ?” ಎಂದೆ.

“ನಾನು ಹೊಡೆದೆ, ಅದಕ್ಕೆ ಬೀಳಲಿಲ್ಲ.”

“ನೀನು ಹೊಡೆಯೋ ಮೊದಲೇ ಸುತ್ತಿಗೆ ಕೆಳಗಿತ್ತು. ಅವಳು ಉಸಿರು ಇದೆಯಾ ಅಂತ ನೋಡಿದ್ದು. ಮೇಡಂ, ಈ ಬಚ್ಚಲಲ್ಲೇ ನಮ್ಮನೆಯವರು ಹೋದದ್ದು. ಹಾಡ್ತಿದ್ದೋರು ನಿಲ್ಲಿಸಿದ್ರು. ಮೊದಲು ಓಡಿದ್ದು ಇವಳು. ಮೂಗಿನ ಹತ್ರ ಕೈ ಹಿಡಿದು ನೋಡಿದ್ದೂ ಇವಳು. ಇವತ್ತಿಗೂ ಒಳಗೆ ಸದ್ದಿಲ್ಲ ಅಂದ್ರೆ ಸತ್ತರು ಅಂತಲೇ ಇವಳ ಲೆಕ್ಕ. ಇವಳು ಕೂಗಿ ಕೂಗಿ ಮಾತಾಡಿ ಅಂದ್ರೂ ಈ ಪುಣ್ಯಾತ್ಗಿತ್ತಿ ಬೇಕು ಅಂತ ಬಾಯಿ ಮುಚ್ಕೊಂಡು ಕೂತಿದ್ಲು.”

“ನನ್ನ ಸ್ನಾನ, ನನ್ನ ಬಾಯಿ” ಎಂದಳು ನಾದಿನಿ.

ಕಂಡಕ್ಟರ್ ಒಮ್ಮೆ ಕೆಮ್ಮಿದ. ಅವಳು ಅವನ ಕಡೆ ನೋಡಿದಳು. ಅವನು ಕೆಮ್ಮು ನಿಲ್ಲಿಸಿದ.

ಮೇಡಂ ಹುಡುಗಿಯ ಕಡೆ ತಿರುಗಿದರು. “ಬಾಗಿಲು ಒಡೆದದ್ದು ನೀನೇನಾ?”

ತಲೆ ಆಡಿಸಿದಳು.

“ಒಳಗಿಂದ ಏನು ಕೇಳಿಸ್ತು ನಿನಗೆ?”

“ಸದ್ದೇ ಇರಲಿಲ್ಲ.”

ಅವಳನ್ನು ಹೊರಗೆ ತೆಗೆದ ದಿನ ಅವರು ಹೇಳಿದ್ದೂ ಇದೇ ಮಾತು, ಇದೇ ಮನೆಯಲ್ಲಿ, ಕೈ ತೊಳೆಯುತ್ತ.

“ಇವರ ಜೊತೆ ಇರೋಕೆ ಇಷ್ಟ ಇದೆಯಾ?” ಮೇಡಂ ನನ್ನನ್ನು ತೋರಿಸಿದರು.

“ಇವಳನ್ನ ಕಂಡ್ರೆ ನನಗಾಗಲ್ಲ.”

“ನನಗೂ ಅಷ್ಟೇ” ಎಂದೆ. ಸುಳ್ಳು ಹೇಳಿ ಇಟ್ಟುಕೊಳ್ಳುವ ಮನಸ್ಸಿರಲಿಲ್ಲ.

ನಾದಿನಿ ಕೈ ತಿರುವಿದಳು. “ಇನ್ನೇನು ಬೇಕು ಮೇಡಂ, ಇಬ್ಬರೂ ಒಪ್ಪಿಕೊಂಡ್ರಲ್ಲ.”

ಮೇಡಂ ಅವಳ ಮಾತು ಕೇಳಲಿಲ್ಲ. ನನ್ನನ್ನೇ ನೋಡುತ್ತಿದ್ದರು. “ಹಾಗಾದ್ರೆ ಯಾಕೆ ಬೇಕಮ್ಮ ನಿಮಗೆ ಇವಳು?”

“ಅವರು ಹಾಡು ಎಲ್ಲಿ ನಿಲ್ಲಿಸಿದ್ರು ಅಂತ ಗೊತ್ತಿರೋದು ನಮ್ಮಿಬ್ಬರಿಗೇ” ಎಂದೆ. “ಬೇರೆ ಯಾರ ಹತ್ರ ಹೇಳ್ಕೊಳ್ಳಲಿ?”

ಹುಡುಗಿ ಉಗುರು ಕಚ್ಚುವುದು ಬಿಟ್ಟಳು. ಮೇಡಂ ಮುಖ ನೋಡಿದಳು.

“ಅಲ್ಲಿ ಬಾಗಿಲಿಗೆ ಚಿಲಕ ಇರುತ್ತಾ?”

“ನಿಲಯದಲ್ಲಾ? ರಾತ್ರಿ ಹಾಕ್ತಾರೆ. ನಿಮ್ಮ ಕ್ಷೇಮಕ್ಕೇ.”

“ಹೊರಗಿಂದಾನಾ?”

ಮೇಡಂ ಸುಳ್ಳು ಹೇಳಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಸ್ವಲ್ಪ ಗೌರವ ಇದೆ. “ಹೌದು” ಎಂದರು.

ಹುಡುಗಿ ಎದ್ದಳು. ಹಗ್ಗದ ಮೇಲಿದ್ದ ಟವೆಲ್ಲು ಎಳೆದುಕೊಂಡಳು. ಎಲ್ಲರ ಮುಂದೆಯೇ ನಡೆದು ಹೋಗಿ, ಪಟ್ಟಿ ಹೊಡೆದ ಬಚ್ಚಲ ಬಾಗಿಲು ತೆರೆದು, ಒಳಗೆ ಹೋಗಿ ಮುಚ್ಚಿಕೊಂಡಳು. ನಮ್ಮನೆಯವರು ಹೋದ ಮೇಲೆ ಮೊದಲ ಸಲ. ನಾನು ಮಗ್ಗಿನ ಟಕ್ ಟಕ್‌ಗೆ ಕಿವಿ ಕೊಟ್ಟೆ. ಅದು ಬರಲಿಲ್ಲ. ನೀರು ಬಿತ್ತು. ಆಮೇಲೆ ಬೈಗುಳ ಶುರುವಾಯಿತು.

“ಚಿಲಕ ಹಾಕೋರ ಕೈಗೆ ಹುಳ ಬೀಳ. ಆ ಕಂಡಕ್ಟರ್ ಮಾಮನ ಬಸ್ಸು ಪಂಚರ್ ಆಗ. ಆ ಅತ್ತೆ ಬಾಯಿಗೆ ಬೋಲ್ಟ್ ಬೀಳ. ಕುರ್ಚಿ ಮೇಲೆ ಕೂತು ಇಷ್ಟ ಇದೆಯಾ ಇಷ್ಟ ಇದೆಯಾ ಅಂತೆ, ಇವರಪ್ಪನ ಮನೆ ಗಂಟು ಹೋಗುತ್ತೇನೋ ಅನ್ನೋ ಹಾಗೆ. ಎಲ್ಲರೂ ಅವರವರ ಮನೇಲಿ ಬಿದ್ದಿರೋಕೆ ಏನು ದಾಡಿ.”

ನನ್ನದೇ ಮಾತು, ನನ್ನದೇ ಧಾಟಿ, ಉಸಿರು ತೆಗೆದುಕೊಳ್ಳುವ ಜಾಗ ಕೂಡ ನನ್ನದೇ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ನಗುವೋ ಬೇರೆ ಏನೋ, ನನಗೆ ಗೊತ್ತಾಗಲಿಲ್ಲ. ನಾದಿನಿಯ ಮುಖ ಕೆಂಪಾಯಿತು.

ನಾನು ಹೋಗಿ ಬಚ್ಚಲ ಬಾಗಿಲ ಪಕ್ಕ ನೆಲದ ಮೇಲೆ ಕೂತೆ. ಅವಳು ಕೂರುತ್ತಿದ್ದ ಜಾಗದಲ್ಲೇ.

“ಆ ಏಯ್ ಒಬ್ಬಳು” ಎಂದು ನನ್ನನ್ನು ಹಿಡಿದಳು. “ಒಂದು ಡಬ್ಬಿ ನೆಟ್ಟಗೆ ಕಟ್ಟೋಕೆ ಬರಲ್ಲ, ಮೂತಿ ನೋಡಿದ್ರೆ ಮೂರು ಮೊಳ. ನೀರು ಹುಯ್ಕೊಂಡು ಹೆಣದ ಹಾಗೆ ನಿಂತ್ಕೋತಾಳೆ, ಒಂದು ಮಾತಾಡಲ್ಲ. ನನಗೆ ಜೀವ ಹೋಗುತ್ತೆ ಅಂತ ಗೊತ್ತಿಲ್ಲ ಅವಳಿಗೆ.” ಒಂದು ಮಗ್ಗು ನೀರು ಬಿತ್ತು. “ಆ ಬೀಗದಪ್ಪ. ಹೇಳಲಿಲ್ಲ ಕೇಳಲಿಲ್ಲ. ಸ್ಕೂಲಿಗೆ ಬಿಡ್ತೀನಿ ಅಂದ. ಸುಳ್ಳ. ಸುಳ್ಳ.”

ಮಾತು ನಿಂತಿತು. ನೀರೂ ನಿಂತಿತು.

ನನ್ನ ಬೆನ್ನು ನೆಟ್ಟಗಾಯಿತು.

“ಏಯ್, ಯಾಕೆ ನಿಲ್ಲಿಸಿದೆ?” ಎಂದೆ.

“ಸೋಪು ಕಣ್ಣಿಗೆ ಹೋಗಿದೆ. ಇರು ಸ್ವಲ್ಪ.”

ಮೇಡಂ ಎದ್ದರು. ಇವತ್ತು ಕರೆದುಕೊಂಡು ಹೋಗುವುದಿಲ್ಲ, ಡಾಕ್ಟರಮ್ಮನ ಹತ್ತಿರ ಮಾತಾಡುತ್ತೇನೆ, ಮತ್ತೆ ಬಂದು ನೋಡುತ್ತೇನೆ ಎಂದರು. ಸುತ್ತಿಗೆಯನ್ನು ಅಂಗಡಿಯಲ್ಲಿಡಿ ಎಂದೂ ಹೇಳಿದರು. ಅದು ಸರಿಯಾದ ಮಾತು, ಇಟ್ಟೆ. ನಾದಿನಿ ಅದೇ ಮಧ್ಯಾಹ್ನ ಹೊರಟಳು. ಬೋಲ್ಟಿದ್ದ ಬ್ಯಾಗು ಅವಳ ಗಂಡನ ಹೆಗಲ ಮೇಲಿತ್ತು. ನನ್ನ ಜೊತೆ ಇನ್ನೂ ಮಾತು ಬಿಟ್ಟಿದ್ದಾಳೆ.

ಮೇಡಂ ಮತ್ತೆ ಬಂದರು, ಮತ್ತೂ ಬಂದರು. ಹುಡುಗಿ ಇಲ್ಲೇ ಇದ್ದಾಳೆ. ಡಾಕ್ಟರಮ್ಮನ ಹತ್ತಿರ ಈಗ ನಾವಿಬ್ಬರೂ ಹೋಗುತ್ತೇವೆ, ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂರುತ್ತೇವೆ. ನಮಗಿಬ್ಬರಿಗೂ ಹೊಂದಿಕೆಯಾಗಿದೆ ಎಂದು ಯಾರೂ ತಿಳಿಯಬೇಡಿ. ಅವಳು ಇನ್ನೂ ದಿಂಬಿನಲ್ಲಿ ಬ್ರೆಡ್ಡು ಮುಚ್ಚಿಡುತ್ತಾಳೆ. ನಾನು ಇನ್ನೂ ರೇಗುತ್ತೇನೆ. ರೇಗುವ ಮೊದಲು, ಈಗ ರೇಗ್ತೀನಿ ನೋಡು ಎಂದು ಹೇಳುತ್ತೇನೆ, ಅಷ್ಟೇ ವ್ಯತ್ಯಾಸ.

ನಾನು ಸ್ನಾನಕ್ಕೆ ಹೋದರೆ ಅವಳು ಬಾಗಿಲ ಹೊರಗೆ ಕೂತು ಹೋಂವರ್ಕ್ ಬರೆಯುತ್ತಾಳೆ. ನಾನು ಮೊದಲು ನಲ್ಲಿಯವರನ್ನು ಬೈಯುತ್ತೇನೆ, ಆಮೇಲೆ ಓನರನ್ನು, ಕೊನೆಗೆ ನಮ್ಮನೆಯವರನ್ನು. ಅವರ ಹತ್ತಿರ ಬಂದಾಗ ಕೆಲವು ಸಲ ಮಾತು ನಿಂತುಹೋಗುತ್ತದೆ. ಕೂಡಲೇ ಬಾಗಿಲ ಮೇಲೆ ಪೆನ್ಸಿಲಿನ ಸದ್ದು.

“ಏಯ್, ಇದ್ದೀಯಾ?”

“ಇದ್ದೀನಿ ಕಣೇ. ನಿನ್ನ ಕಾಟದಲ್ಲಿ ಎಲ್ಲಿ ಸಾಯಲಿ. ಲೆಕ್ಕ ಮಾಡು ಸುಮ್ನೆ.”